ಅಮೆರಿಕದ ಕೌಂಟಿ ಜೈಲಿನಲ್ಲಿ ನಮ್ಮವರಿದ್ದರೆ: ಹುಡುಕುವುದು, ಮಾತಾಡುವುದು, ಹೊರಗೆ ಕರೆತರುವುದು

"ನಮ್ಮ ಹುಡುಗನ್ನ ರಾತ್ರಿ ಪೊಲೀಸ್ನೋರು ಕರ್ಕೊಂಡು ಹೋಗಿದಾರಂತೆ, ಎಲ್ಲಿದಾನೋ ಗೊತ್ತಾಗ್ತಿಲ್ಲ." ನಾನಿರುವ ಕ್ಯಾಲಿಫೋರ್ನಿಯಾದ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಇಂಥ ಮೆಸೇಜು ಆಗಾಗ ಬರುತ್ತಲೇ ಇರುತ್ತದೆ. ಕುಡಿದು ಕಾರು ಓಡಿಸಿದ್ದು, ಇಲ್ಲವೇ ಮನೆ ಜಗಳಕ್ಕೆ ಪೊಲೀಸರು ಬಂದದ್ದು, ಹೆಚ್ಚಾಗಿ ಈ ಎರಡೇ ಕಾರಣ. ಪ್ರತಿ ಸಲವೂ ಮನೆಯವರು ಅದೇ ಮೂರು ಕಡೆ ಎಡವುತ್ತಾರೆ. ತಪ್ಪು ಜೈಲಿನಲ್ಲಿ ಹುಡುಕುತ್ತಾರೆ. ತಪ್ಪು ಖಾತೆಗೆ ದುಡ್ಡು ಹಾಕುತ್ತಾರೆ. ಕೊನೆಗೆ ಫೋನು ಸಿಕ್ಕಾಗ ಆಡಬಾರದ್ದನ್ನೆಲ್ಲ ಆಡಿಬಿಡುತ್ತಾರೆ.

ಇಲ್ಲಿ ಮುಖ್ಯವಾದದ್ದು ಕ್ರಮ. ಮೊದಲು ಎಲ್ಲಿದ್ದಾನೆ ಅಂತ ಪತ್ತೆ, ಆಮೇಲೆ ವಕೀಲ, ಅದಾದ ಮೇಲೆ ಮಾತು. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. ಉದಾಹರಣೆಗೆ ನನಗೆ ಗೊತ್ತಿರುವ, ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾ ಕೌಂಟಿಯನ್ನು ಇಟ್ಟುಕೊಂಡಿದ್ದೇನೆ. ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿವೆ, ಒಂದೊಂದರ ನಿಯಮವೂ ಬೇರೆ. ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ಆಯಾ ಜೈಲಿನ ವೆಬ್‌ಸೈಟ್ ನೋಡಿಕೊಳ್ಳಿ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಒಂದು ಹಾಳೆ ತಗೊಳ್ಳಿ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಪೂರ್ತಿ ಹೆಸರು, ಹುಟ್ಟಿದ ತಾರೀಖು, ಹಿಡಿದದ್ದು ಯಾವ ಊರಲ್ಲಿ, ಸುಮಾರು ಎಷ್ಟು ಹೊತ್ತಿಗೆ, ಅವರು ತಗೊಳ್ಳುವ ಮಾತ್ರೆಗಳು, ಇಷ್ಟನ್ನು ಬರೆದುಕೊಳ್ಳಿ. ಜೊತೆಗೆ ಅಮೆರಿಕದ ಫೋನ್ ನಂಬರ್ ಮತ್ತು ಕಾರ್ಡ್ ಇರುವ ಒಬ್ಬ ನಂಬಿಗಸ್ತರು ಬೇಕು. ಊರಿಂದಲೇ ಎಲ್ಲ ಮಾಡುತ್ತೇವೆ ಅಂದರೆ ಆಗುವುದಿಲ್ಲ. ಜೈಲಿನ ಫೋನಿನಿಂದ ಭಾರತದ ನಂಬರಿಗೆ ನೇರವಾಗಿ ಕರೆ ಸಿಗುವುದು ಅಪರೂಪ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ಭಾರತಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಅಲ್ಲಿ ಆಫೀಸು ತೆರೆಯುವ ಹೊತ್ತಿಗೆ ಊರಲ್ಲಿ ರಾತ್ರಿ ಊಟದ ಸಮಯ ದಾಟಿರುತ್ತದೆ.

ಹಂತ 1: ಯಾವ ಜೈಲು ಅಂತ ಗೊತ್ತು ಮಾಡಿಕೊಳ್ಳಿ

ನಾವು ಎಲ್ಲಕ್ಕೂ ಜೈಲು ಅಂತಲೇ ಅನ್ನುತ್ತೇವೆ. ಅಲ್ಲಿ ಹಾಗಲ್ಲ. ಶಿಕ್ಷೆಯಾಗಿ ವರ್ಷಗಟ್ಟಲೆ ಇರುವವರಿಗೆ ರಾಜ್ಯದ ಅಥವಾ ಕೇಂದ್ರದ ಪ್ರಿಸನ್. ಈಗಷ್ಟೇ ಹಿಡಿದವರಿಗೆ, ಕೇಸು ನಡೆಯುತ್ತಿರುವವರಿಗೆ, ಸಣ್ಣ ಶಿಕ್ಷೆಯವರಿಗೆ ಕೌಂಟಿ ಜೈಲು. ಇದನ್ನು ಸಾಮಾನ್ಯವಾಗಿ ನಡೆಸುವುದು ಆ ಕೌಂಟಿಯ ಶೆರಿಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ. ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಕೇಂದ್ರದ ಪ್ರಿಸನ್ನುಗಳ ಕೈದಿ ಪಟ್ಟಿ ಬರಬಹುದು. ನಿನ್ನೆ ರಾತ್ರಿ ಹಿಡಿದವನು ಅದರಲ್ಲಿ ಇರುವುದಿಲ್ಲ. ಅಲ್ಲಿ ಹೆಸರಿಲ್ಲ ಅಂತ ಗಾಬರಿಯಾಗಿ ಫೋನ್ ಮಾಡಿದವರು ಎಷ್ಟೋ ಜನ.

ಎರಡನೇ ಗೊಂದಲ ಊರಿನದು. ಲೆಕ್ಕಕ್ಕೆ ಬರುವುದು ಮನೆ ಇರುವ ಜಾಗವಲ್ಲ, ಹಿಡಿದ ಜಾಗ. ಫ್ರೀಮಾಂಟ್ ಮತ್ತು ಮಿಲ್ಪಿಟಾಸ್ ಅಕ್ಕಪಕ್ಕದ ಊರು. ಆದರೆ ಫ್ರೀಮಾಂಟ್ ಇರುವುದು ಅಲಮೀಡಾ ಕೌಂಟಿಯಲ್ಲಿ, ಅದರ ಜೈಲು ಡಬ್ಲಿನ್‌ನ ಸ್ಯಾಂಟಾ ರೀಟಾ. ಮಿಲ್ಪಿಟಾಸ್ ಇರುವುದು ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ, ಅದರ ಮುಖ್ಯ ಜೈಲು ಸ್ಯಾನ್ ಹೋಸೆಯಲ್ಲಿ. ಫ್ರೀಮಾಂಟ್‌ನಲ್ಲಿ ಮನೆ ಮಾಡಿಕೊಂಡವನನ್ನು ಮಿಲ್ಪಿಟಾಸ್‌ನಲ್ಲಿ ಹಿಡಿದರೆ ಸ್ಯಾನ್ ಹೋಸೆಯಲ್ಲಿ ಹುಡುಕಬೇಕು. ಹೈವೇ ಪೊಲೀಸರು ಹಿಡಿದರೂ ಹೀಗೇ.

ಕೆಲವು ಕಡೆ ಕೌಂಟಿ ಜೈಲು ಅನ್ನುವುದೇ ಇಲ್ಲ. ಕನೆಕ್ಟಿಕಟ್, ಡೆಲವೇರ್, ರೋಡ್ ಐಲ್ಯಾಂಡ್, ವರ್ಮಾಂಟ್, ಹವಾಯಿಗಳಲ್ಲಿ ಜೈಲುಗಳನ್ನು ರಾಜ್ಯವೇ ನಡೆಸುತ್ತದೆ. ನ್ಯೂಯಾರ್ಕ್ ನಗರದ ರೈಕರ್ಸ್ ಐಲ್ಯಾಂಡ್ ನಗರಾಡಳಿತದ್ದು. ಅಲ್ಲಿ ಶೆರಿಫ್ ಕಚೇರಿಗೆ ಫೋನ್ ಮಾಡಿದರೆ ಪ್ರಯೋಜನವಿಲ್ಲ.

ಹಂತ 2: ಹೆಸರು ಹುಡುಕಿ, ನಂಬರ್ ಬರೆದುಕೊಳ್ಳಿ

ಶೆರಿಫ್ ವೆಬ್‌ಸೈಟಿನಲ್ಲಿ ಕೈದಿಗಳನ್ನು ಹುಡುಕುವ ಪುಟ ಇರುತ್ತದೆ. ನಮ್ಮವರ ಹೆಸರು ಸಿಗದಿರುವುದಕ್ಕೆ ಮುಖ್ಯ ಕಾರಣ ನಮ್ಮ ಹೆಸರುಗಳೇ. ಅಪ್ಪನ ಹೆಸರು, ಊರ ಹೆಸರು, ಇನಿಷಿಯಲ್ಲು, ಯಾವುದು ಮೊದಲೋ ಯಾವುದು ಕೊನೆಯೋ ನಮಗೇ ಸರಿಯಾಗಿ ಗೊತ್ತಿರುವುದಿಲ್ಲ, ಅಲ್ವಾ? ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬಂದಿರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಜೈಲಿನ ದಾಖಲೆಯಲ್ಲೂ ಅದೇ ಕೂತಿರಬಹುದು.

ಹಾಗಾಗಿ ಹೀಗೆ ಹುಡುಕಿ: ಮೊದಲು ಪಾಸ್‌ಪೋರ್ಟಿನಂತೆ. ಸಿಗದಿದ್ದರೆ ಹೆಸರು ತಿರುಗಿಸಿ. ಆಮೇಲೆ ಹೆಸರಿನ ಮೊದಲ ಮೂರು ನಾಲ್ಕು ಅಕ್ಷರ ಮಾತ್ರ. ತಾರೀಖು ಹಾಕುವಾಗ ಅಲ್ಲಿ ತಿಂಗಳು ಮೊದಲು ಅನ್ನುವುದು ನೆನಪಿರಲಿ. ಜುಲೈ 4ರಂದು ಹುಟ್ಟಿದವರನ್ನು 04/07 ಅಂತ ಹುಡುಕಿದರೆ ಏಪ್ರಿಲ್ 7ರವರು ಸಿಗುತ್ತಾರೆ.

ಆಗಲೂ ಸಿಗದಿದ್ದರೆ ಸ್ವಲ್ಪ ಕಾಯಿರಿ. ಒಳಗೆ ಬೆರಳಚ್ಚು, ಫೋಟೋ, ಮೈಮೇಲಿನ ವಸ್ತುಗಳ ಪಟ್ಟಿ, ಆರೋಗ್ಯದ ಪ್ರಶ್ನೆಗಳು, ಆಮೇಲೆ ಯಾವ ವಾರ್ಡಿಗೆ ಹಾಕಬೇಕು ಅನ್ನುವ ತೀರ್ಮಾನ, ಇದೆಲ್ಲ ಆಗಬೇಕು. ಇದಕ್ಕೆ ಬುಕಿಂಗ್ ಅನ್ನುತ್ತಾರೆ. ಜನ ಜಾಸ್ತಿ ಇರುವ ರಾತ್ರಿ ಇದಕ್ಕೆ ಹಲವು ಗಂಟೆ ಹಿಡಿಯುತ್ತದೆ, ಅಲ್ಲಿವರೆಗೂ ಹೆಸರು ಕಂಪ್ಯೂಟರಿನಲ್ಲಿ ಕಾಣದೇ ಇರಬಹುದು. ಆಗ ಜೈಲಿನ ಮಾಹಿತಿ ನಂಬರಿಗೆ ಫೋನ್ ಮಾಡಿ. ತುರ್ತು ಸೇವೆಯ 911ಕ್ಕೆ ಬೇಡ.

ಫೋನಲ್ಲಿ ಭಾವನೆ ಬೇಡ, ಪ್ರಶ್ನೆ ಸಾಕು. ನಿಮ್ಮಲ್ಲಿ ಇದ್ದಾರಾ? ಬುಕಿಂಗ್ ನಂಬರ್ ಏನು? ಯಾವ ಕಟ್ಟಡ? ಆರೋಪ ಏನು? ಬೇಲ್ ಎಷ್ಟು? ಕೋರ್ಟ್ ಯಾವ ದಿನ, ಎಷ್ಟು ಗಂಟೆಗೆ? ವಲಸೆ ಇಲಾಖೆಯ ಹೋಲ್ಡ್ (ಬಿಡುವಾಗ ನಮ್ಮ ವಶಕ್ಕೆ ಕೊಡಿ ಅನ್ನುವ ಕೋರಿಕೆ) ಇದೆಯಾ? ಸ್ಯಾಂಟಾ ಕ್ಲಾರಾ ಮತ್ತು ಅಲಮೀಡಾಗಳಲ್ಲಿ ಬುಕಿಂಗ್ ನಂಬರ್ ಜೊತೆಗೆ 'ಪಿಎಫ್‌ಎನ್' ಅನ್ನುವ ಇನ್ನೊಂದು ನಂಬರ್ ಇರುತ್ತದೆ. ಬುಕಿಂಗ್ ನಂಬರ್ ಈ ಸಲದ ಬಂಧನಕ್ಕೆ ಸೇರಿದ್ದು, ಪಿಎಫ್‌ಎನ್ ಆ ವ್ಯಕ್ತಿಗೆ ಸೇರಿದ್ದು. ಎರಡೂ ಬರೆದುಕೊಳ್ಳಿ. ಮುಂದೆ ದುಡ್ಡು, ಪತ್ರ, ಭೇಟಿ, ಯಾವುದಕ್ಕೂ ಬರೀ ಹೆಸರು ಸಾಲುವುದಿಲ್ಲ.

ಇನ್ನೊಂದು ಮಾತು. ಯಾರದೋ ಪರಿಚಯ ಹಿಡಿದು, ಡೆಪ್ಯುಟಿಗೆ (ಶೆರಿಫ್ ಕೈಕೆಳಗಿನ ಅಧಿಕಾರಿಗೆ) ಏನಾದರೂ ಕೊಟ್ಟು ಬಿಡಿಸಿಕೊಳ್ಳೋಣ ಅನ್ನುವ ಯೋಚನೆ ತಲೆಗೆ ಬಂದರೆ ಅಲ್ಲಿಗೇ ಬಿಡಿ. ಒಬ್ಬರ ಬದಲು ಇಬ್ಬರು ಒಳಗಿರುತ್ತಾರೆ.

ಹಂತ 3: ಮಾತಿಗೆ ಮೊದಲು ವಕೀಲ

ವಕೀಲರಿಗೆ ದುಡ್ಡಿಲ್ಲದವರಿಗೆ ಪಬ್ಲಿಕ್ ಡಿಫೆಂಡರ್, ಅಂದರೆ ಆರೋಪಿಯ ಪರವಾಗಿ ಸರ್ಕಾರವೇ ಕೊಡುವ ವಕೀಲರು ಇರುತ್ತಾರೆ. ಅಮೆರಿಕದ ಸುಪ್ರೀಂ ಕೋರ್ಟಿನ 1963ರ ಗಿಡಿಯನ್ ತೀರ್ಪಿನಿಂದ ಬಂದ ಹಕ್ಕು ಅದು. ಸರ್ಕಾರಿ ವಕೀಲ ಅಂದರೆ ಬೇಕಾಬಿಟ್ಟಿ ಅಂತ ನಮ್ಮವರು ಮೂಗು ಮುರಿಯುತ್ತಾರೆ. ಅವರು ದಿನವೂ ಅದೇ ಕೋರ್ಟಿನಲ್ಲಿ, ಅದೇ ಜಡ್ಜುಗಳ ಮುಂದೆ ನಿಲ್ಲುವವರು. ಗಾಬರಿಯಲ್ಲಿ ಜಾಹೀರಾತು ನೋಡಿ ಹಿಡಿದ ವಕೀಲರಿಗಿಂತ ಎಷ್ಟೋ ಸಲ ಅವರೇ ಮೇಲು. ಆದರೆ ಒಳ್ಳೆ ಸಂಬಳ ಇರುವವರಿಗೆ ಅವರು ಸಿಗದಿರಬಹುದು. ಆಗ ಅದೇ ಕೌಂಟಿಯಲ್ಲಿ ಕೆಲಸ ಮಾಡುವ ಕ್ರಿಮಿನಲ್ ವಕೀಲರನ್ನು ನೋಡಿ. ಕಂಪನಿಯ ವೀಸಾ ವಕೀಲರು ಈ ಕೆಲಸಕ್ಕಲ್ಲ.

ವಕೀಲರಿಗೆ ಮೊದಲ ಮಾತಿನಲ್ಲೇ ವೀಸಾ ಯಾವುದು ಅಂತ ಹೇಳಿ. ತಪ್ಪೊಪ್ಪಿಕೊಂಡರೆ ಗಡೀಪಾರಿನ ಅಪಾಯ ಇದೆಯಾ ಅನ್ನುವುದನ್ನು ವಕೀಲರು ತಿಳಿಸಲೇಬೇಕು ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೇಗ ಮುಗಿಯಲಿ ಅಂತ ಸುಮ್ನೆ ಒಪ್ಪಿಕೊಂಡು ಬಂದು ಆಮೇಲೆ ಗ್ರೀನ್ ಕಾರ್ಡ್ ಹೊತ್ತಿಗೆ ತಲೆ ಮೇಲೆ ಕೈ ಹೊತ್ತು ಕೂತವರಿದ್ದಾರೆ.

ಮೊದಲ ಕೋರ್ಟ್ ಹಾಜರಿಗೆ ಅರೇನ್‌ಮೆಂಟ್ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಜೈಲಿನಲ್ಲಿ ಇರುವವರನ್ನು 48 ಗಂಟೆಯೊಳಗೆ ಜಡ್ಜ್ ಮುಂದೆ ತರಬೇಕು. ಭಾನುವಾರ, ಸರ್ಕಾರಿ ರಜೆ ಇದಕ್ಕೆ ಲೆಕ್ಕವಿಲ್ಲ. ಶುಕ್ರವಾರ ರಾತ್ರಿ ಹಿಡಿದರೆ ಮಂಗಳವಾರದವರೆಗೂ ಹೋಗಬಹುದು. ಅಷ್ಟು ದಿನ ಆಯ್ತಲ್ಲ, ಏನೋ ಮುಚ್ಚಿಡ್ತಿದಾರೆ ಅಂತ ಅಂದುಕೊಳ್ಳಬೇಡಿ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಕಾನ್ಸುಲೇಟ್ (ಅಲ್ಲಿರುವ ಭಾರತ ಸರ್ಕಾರದ ಕಚೇರಿ) ಸಂಪರ್ಕಿಸುವ ಹಕ್ಕಿದೆ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಅದನ್ನೇ ಹೇಳುತ್ತದೆ. ಕೆಲವು ದೇಶದವರನ್ನು ಹಿಡಿದರೆ ಅಮೆರಿಕದ ಪೊಲೀಸರು ತಾವೇ ಕಡ್ಡಾಯವಾಗಿ ತಿಳಿಸಬೇಕು. ಭಾರತ ಆ ಪಟ್ಟಿಯಲ್ಲಿ ಇಲ್ಲ. ಒಳಗಿರುವವರು ಬಾಯಿ ಬಿಟ್ಟು ಕೇಳಬೇಕು. ಮನೆಯವರು ತಾವೇ ಕಾನ್ಸುಲೇಟಿಗೆ ಬರೆಯಬಹುದು, ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಕಾನ್ಸುಲೇಟಿನವರು ವಕೀಲರ ಪಟ್ಟಿ ಕೊಡುತ್ತಾರೆ, ಕ್ಷೇಮ ವಿಚಾರಿಸುತ್ತಾರೆ. ಬಿಡಿಸಿಕೊಂಡು ಬರುವುದು ಅವರ ಕೈಯಲ್ಲಿಲ್ಲ.

ಹಂತ 4: ಫೋನಿನ ಮಾತು

ಇಲ್ಲೇ ಎಲ್ಲರೂ ಕೆಡುವುದು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಜೈಲಿಗೆ ಫೋನ್ ಮಾಡಿ "ಅವನಿಗೆ ಕೊಡಿ" ಅನ್ನುವ ಹಾಗಿಲ್ಲ. ಕರೆ ಯಾವಾಗಲೂ ಒಳಗಿನಿಂದ ಬರಬೇಕು. ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಬುಕಿಂಗ್ ಆದಕೂಡಲೇ, ತಡವಾದರೂ ಹಿಡಿದ ಮೂರು ಗಂಟೆಯೊಳಗೆ, ಮೂರು ಕರೆ ಮಾಡಲು ಬಿಡಬೇಕು. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವವರಾದರೆ ಇನ್ನೆರಡು. ಆದರೆ ಮೊಬೈಲ್ ಕಿತ್ತಿಟ್ಟುಕೊಂಡಿರುತ್ತಾರೆ, ಯಾರ ನಂಬರೂ ಬಾಯಿಪಾಠ ಇರುವುದಿಲ್ಲ. ಮೂರು ಕರೆಯ ಹಕ್ಕಿದ್ದೂ ಒಂದೂ ಮಾಡಲಾಗದೆ ಕೂತಿರುತ್ತಾರೆ. ಇದನ್ನು ಓದುತ್ತಿರುವ ನೀವು ಈಗಲೇ ಒಂದು ನಂಬರ್ ಬಾಯಿಪಾಠ ಮಾಡಿಕೊಳ್ಳಿ.

ಆಮೇಲಿನ ಕರೆಗಳಿಗೆ ಪ್ರೀಪೇಯ್ಡ್ ಖಾತೆ ಬೇಕು. ಸೆಕ್ಯೂರಸ್, ವಯಾಪಾತ್ ಇಂಥ ಕಂಪನಿಗಳು ಈ ಸೇವೆ ನಡೆಸುತ್ತವೆ. ಯಾವ ಜೈಲಿಗೆ ಯಾವ ಕಂಪನಿ ಅನ್ನುವುದು ಜೈಲಿನ ಪುಟದಲ್ಲೇ ಇರುತ್ತದೆ. ಅಮೆರಿಕದಲ್ಲಿ ಇರುವ ಸ್ನೇಹಿತರ ನಂಬರಿಗೆ ಖಾತೆ ಮಾಡಿ ದುಡ್ಡು ಹಾಕಿ. ಕೆಲವು ಕಡೆ ಕರೆ ಉಚಿತ. ಸ್ಯಾನ್ ಫ್ರಾನ್ಸಿಸ್ಕೋ 2020ರಲ್ಲೇ ಹಾಗೆ ಮಾಡಿತು.

ಆ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬರುತ್ತದೆ. ಸ್ಪ್ಯಾಮ್ ತಡೆಯುವ ಸೆಟ್ಟಿಂಗ್ ಇದ್ದರೆ ತೆಗೆದುಬಿಡಿ. ಎತ್ತಿದಾಗ ಮೊದಲು ಕೇಳುವುದು ಯಂತ್ರದ ದನಿ, ಇಂಥ ಜೈಲಿನಿಂದ ಕರೆ ಅಂತ. ನಡುವೆ ಅವನದೇ ದನಿಯಲ್ಲಿ ಅವನ ಹೆಸರು. ಆಮೇಲೆ ಒಪ್ಪಿಕೊಳ್ಳಲು ಇಂಥ ಅಂಕಿ ಒತ್ತಿ ಅನ್ನುತ್ತದೆ. ಯಂತ್ರದ ದನಿ ಕೇಳಿ ಮಾರಾಟದ ಕರೆ ಅಂತ ಇಟ್ಟುಬಿಟ್ಟರೆ ಮುಂದಿನ ಸರದಿ ಯಾವಾಗಲೋ.

ಕರೆ ಸಾಮಾನ್ಯವಾಗಿ ಕಾಲು ಗಂಟೆಗೆ ಕಟ್ ಆಗುತ್ತದೆ. ಬೆಂಗಳೂರಿನಲ್ಲಿರುವ ಅಮ್ಮನನ್ನು ಕಾನ್ಫರೆನ್ಸಿಗೆ ಸೇರಿಸಲು ಹೋಗಬೇಡಿ. ಮೂರನೆಯವರನ್ನು ಸೇರಿಸಿದರೆ ಲೈನೇ ಕಟ್ ಆಗುತ್ತದೆ, ನಂಬರ್ ಬ್ಲಾಕ್ ಆದರೂ ಆಯಿತು. ಸ್ಪೀಕರ್ ಹಾಕಿ ಪಕ್ಕದಲ್ಲಿ ವಾಟ್ಸಾಪ್ ಫೋನ್ ಹಿಡಿಯುವುದೂ ಅದೇ ನಿಯಮಕ್ಕೆ ಸಿಕ್ಕಿಕೊಳ್ಳಬಹುದು.

ಎಲ್ಲಕ್ಕಿಂತ ದೊಡ್ಡ ಮಾತು: ಕರೆ ರೆಕಾರ್ಡ್ ಆಗುತ್ತದೆ. ವಕೀಲರ ಜೊತೆಗಿನ ಕರೆ ಬಿಟ್ಟರೆ ಉಳಿದದ್ದು ಆರೋಪದ ಕಡೆಯಿಂದ ವಾದಿಸುವ ಪ್ರಾಸಿಕ್ಯೂಟರ್ ಕೈಗೆ ಹೋಗಬಹುದು. "ಕನ್ನಡದಲ್ಲಿ ಮಾತಾಡಿದ್ರೆ ಯಾರಿಗೆ ಗೊತ್ತಾಗತ್ತೆ?" ಅಂತ ನನ್ನ ಮುಂದೆಯೇ ಒಬ್ಬರು ಕೇಳಿದರು. ಗೊತ್ತಾಗುತ್ತದೆ. ಅನುವಾದ ಮಾಡುವವರಿಗೆ ಬರವಿಲ್ಲ, ಅದರಲ್ಲೂ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ.

ಮಗನ ದನಿ ಕೇಳಿದಕೂಡಲೇ ಯಾವ ತಾಯಿಯ ಬಾಯಿಂದಲೂ ಬರುವ ಮೊದಲ ಮಾತು "ಏನಪ್ಪಾ ಮಾಡ್ಕೊಂಡೆ?" ಸಹಜವೇ. ಆದರೆ ಕೇಳಬಾರದ ಪ್ರಶ್ನೆಯೂ ಅದೊಂದೇ. ಅದರ ಬದಲು ಹೀಗೆ ಮಾತಾಡಿ: "ಊಟ ಮಾಡ್ದಾ? ಮಾತ್ರೆ ಕೊಟ್ರಾ? ನಿದ್ದೆ ಬಂತಾ? ವಕೀಲ್ರು ಬರ್ತಾರೆ, ಅಲ್ಲಿವರ್ಗೂ ಯಾರ ಹತ್ರಾನೂ ಏನೂ ಹೇಳ್ಬೇಡ. ಆಫೀಸಿಗೆ ಏನು ಹೇಳ್ಬೇಕು? ಮನೆ ಬೀಗದ ಕೈ ಎಲ್ಲಿದೆ?" ಅಷ್ಟೇ. ಜೊತೆಯ ಕೈದಿಗಳ ಹತ್ತಿರವೂ ಕೇಸಿನ ಮಾತು ಬೇಡ ಅಂತ ಹೇಳಿ.

ಎಚ್ಚರಿಕೆ: ಗಂಡ ಹೆಂಡತಿ ಕೇಸಾದರೆ

ಮನೆ ಜಗಳದ ಕೇಸಿನಲ್ಲಿ ಕೋರ್ಟ್ ಬಹಳ ಸಲ ಸಂಪರ್ಕ ನಿಷೇಧದ ಆದೇಶ ಹೊರಡಿಸುತ್ತದೆ. ಆಗ ಗಂಡ ಹೆಂಡತಿಗೆ ಫೋನ್ ಮಾಡುವ ಹಾಗಿಲ್ಲ, ಪತ್ರ ಬರೆಯುವ ಹಾಗಿಲ್ಲ, ಬೇರೆಯವರ ಮೂಲಕ ಹೇಳಿಸುವ ಹಾಗೂ ಇಲ್ಲ. ಹೆಂಡತಿಯೇ "ಪರವಾಗಿಲ್ಲ, ಮಾತಾಡಿ" ಅಂದರೂ ಆದೇಶ ಆದೇಶವೇ.

ನಮ್ಮ ಕಡೆ ಹಿರಿಯರು ಮಧ್ಯೆ ಕೂತು ರಾಜಿ ಮಾಡಿಸುವುದು ರೂಢಿ. ಮಾವನವರು ಫೋನ್ ಮಾಡಿ "ಕೇಸ್ ವಾಪಸ್ ತಗೊಳಮ್ಮಾ" ಅನ್ನುತ್ತಾರೆ. ಅಲ್ಲಿ ಇದನ್ನು ಸಾಕ್ಷಿಗೆ ಒತ್ತಡ ಹಾಕಿದ್ದು ಅಂತ ನೋಡಬಹುದು, ಅದೇ ಒಂದು ಹೊಸ ಕೇಸಾಗಬಹುದು. ಅಲ್ಲದೆ ಕೇಸು ಹೆಂಡತಿಯದಲ್ಲ, ಸರ್ಕಾರದ್ದು. ವಾಪಸ್ ತಗೊಳ್ಳುವ ಅಧಿಕಾರ ಅವಳ ಕೈಯಲ್ಲಿ ಇರುವುದಿಲ್ಲ. ಅವಳಿಗೆ ನಿಜವಾಗಿಯೂ ಏಟು ಬಿದ್ದಿರಬಹುದು ಅನ್ನುವುದನ್ನು ಹುಡುಗನ ಮನೆಯವರು ಮರೆಯದಿದ್ದರೆ ಒಳ್ಳೆಯದು.

ಹಂತ 5: ಮಾತ್ರೆ, ಊಟ, ದುಡ್ಡು

ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್, ಮೂರ್ಛೆ ಇದ್ದರೆ ಉಳಿದದ್ದೆಲ್ಲ ಬಿಟ್ಟು ಮೊದಲು ಜೈಲಿನ ವೈದ್ಯಕೀಯ ವಿಭಾಗಕ್ಕೆ ಫೋನ್ ಮಾಡಿ. ಅವರು ರೋಗಿಯ ವಿಷಯ ನಿಮಗೆ ಹೇಳದಿರಬಹುದು, ಆದರೆ ನೀವು ಹೇಳಿದ್ದನ್ನು ಕೇಳಿಸಿಕೊಳ್ಳಬಹುದು. ಊರಿಂದ ತಂದ ಮಾತ್ರೆಯ ಹೆಸರು ಅಲ್ಲಿನ ನರ್ಸಿಗೆ ಅರ್ಥವಾಗುವುದಿಲ್ಲ. ಗ್ಲೈಕೋಮೆಟ್ ಅನ್ನಬೇಡಿ, ಮೆಟ್‌ಫಾರ್ಮಿನ್ ಅನ್ನಿ. ಎಲ್ಟ್ರಾಕ್ಸಿನ್ ಅಲ್ಲ, ಲೀವೋಥೈರಾಕ್ಸಿನ್. ಡೋಲೋ ಅಲ್ಲ, ಅಸಿಟಮಿನೋಫೆನ್. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಅನ್ನುವುದನ್ನೂ ಹೇಳಿ. ಮಾತ್ರೆ ಡಬ್ಬಿ ತಗೊಂಡು ಹೋಗಿ ಕೊಟ್ಟರೆ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ.

ಸಸ್ಯಾಹಾರ ಬೇಕಾದರೆ ಒಳಗಿರುವವರೇ ಅರ್ಜಿ ಬರೆದು ಕೊಡಬೇಕು. ಧರ್ಮದ ಕಾರಣ ಅಂತ ಬರೆದರೆ ಜೈಲಿನ ಚಾಪ್ಲಿನ್ (ಕೈದಿಗಳ ಧರ್ಮದ ವಿಷಯ ನೋಡಿಕೊಳ್ಳುವವರು) ಅದನ್ನು ನೋಡುತ್ತಾರೆ. ಮಂಜೂರಾಗುವವರೆಗೂ ಬ್ರೆಡ್ಡು, ಕಡಲೆಕಾಯಿ ಬೆಣ್ಣೆ, ಹಣ್ಣಿನ ಮೇಲೆ ಕಾಲ ತಳ್ಳಬೇಕಾಗಬಹುದು. ಮನೆಯಿಂದ ಡಬ್ಬಿ ಊಟ ಕೊಡುವ ಪದ್ಧತಿ ಇಲ್ಲ.

ಒಳಗಿನ ಅಂಗಡಿಗೆ ಕಮಿಸರಿ ಅನ್ನುತ್ತಾರೆ. ನೂಡಲ್ಸ್, ಸೋಪು, ಹಲ್ಲುಜ್ಜುವ ಪೇಸ್ಟು, ಸ್ಟಾಂಪು ಸಿಗುತ್ತವೆ. ಇದರ ಖಾತೆ ಬೇರೆ, ಫೋನ್ ಖಾತೆ ಬೇರೆ. ಫೋನಿಗೆ ಇನ್ನೂರು ಡಾಲರ್ ಹಾಕಿ ಸೋಪಿಗೆ ದುಡ್ಡಿಲ್ಲದೆ ಕೂತವರುಂಟು. ವೆಬ್‌ಸೈಟಿನಲ್ಲಿ ಅಥವಾ ಜೈಲಿನ ಲಾಬಿಯ ಯಂತ್ರದಲ್ಲಿ ಹಾಕಬಹುದು, ಪ್ರತಿ ಸಲ ಶುಲ್ಕ ಹಿಡಿಯುತ್ತಾರೆ. ಎರಡು ದಿನದಲ್ಲಿ ಹೊರಗೆ ಬರುವವರಿಗೆ ಜಾಸ್ತಿ ಹಾಕಬೇಡಿ.

ಹಂತ 6: ಭೇಟಿ ಮತ್ತು ಪತ್ರ

ಭೇಟಿಗೆ ಮೊದಲೇ ಸಮಯ ಕಾದಿರಿಸಬೇಕು. ಹೆಚ್ಚಿನ ಕಡೆ ಗಾಜಿನ ಆಚೆ ಈಚೆ ಕೂತು ಮಾತು, ಕೆಲವು ಕಡೆ ಬರೀ ವಿಡಿಯೋ. ಅವಧಿ ಮುಗಿಯದ ಪಾಸ್‌ಪೋರ್ಟ್ ಅಥವಾ ಅಲ್ಲಿನ ಲೈಸೆನ್ಸ್ ಬೇಕು. ಊರಿಂದ ಬಂದ ಅಮ್ಮ ಸೀರೆ ಉಟ್ಟು ಹೋದರೆ ಬಾಗಿಲಲ್ಲೇ ತಕರಾರು ಬರಬಹುದು, ಏಕೆಂದರೆ ಹೊಟ್ಟೆ ಬೆನ್ನು ಕಾಣುವ ಉಡುಪಿಗೆ ಬಹಳ ಜೈಲುಗಳಲ್ಲಿ ಅವಕಾಶವಿಲ್ಲ. ಉದ್ದ ತೋಳಿನ ಚೂಡಿದಾರ್ ಹಾಕಿಸಿ. ಕೈದಿಗಳ ಬಟ್ಟೆಯ ಬಣ್ಣ ಬೇಡ. ಮೊಬೈಲು, ಪರ್ಸು ಕಾರಲ್ಲೇ ಇರಲಿ. ಮಾತು ಇಲ್ಲೂ ರೆಕಾರ್ಡ್ ಆಗುತ್ತದೆ.

ಪತ್ರದ ಮೇಲೆ ಹೆಸರು ಮತ್ತು ಬುಕಿಂಗ್ ನಂಬರ್ ಇರಬೇಕು. ಈಗ ಅನೇಕ ಜೈಲುಗಳು ಪತ್ರವನ್ನು ಬೇರೆ ಊರಿನ ಕಂಪನಿಗೆ ತರಿಸಿ, ಸ್ಕ್ಯಾನ್ ಮಾಡಿ ಪ್ರತಿ ಮಾತ್ರ ಕೊಡುತ್ತವೆ. ವಿಳಾಸ ವಿಚಿತ್ರವಾಗಿ ಕಂಡರೂ ಜೈಲಿನ ಪುಟದಲ್ಲಿ ಇರುವುದೇ ಸರಿ. ಕುಂಕುಮ, ಪ್ರಸಾದ, ದಾರ, ಸ್ಟಿಕ್ಕರ್ ಲಕೋಟೆಯಲ್ಲಿ ಇಟ್ಟರೆ ಪತ್ರವೇ ಸೇರುವುದಿಲ್ಲ. ಪುಸ್ತಕ ಕಳಿಸುವುದಾದರೆ ಹೊಸದು, ರಟ್ಟಿನ ಹೊದಿಕೆ ಇಲ್ಲದ್ದು, ಅಂಗಡಿಯಿಂದಲೇ ನೇರ.

ಹಂತ 7: ಬೇಲ್

ಮೊದಲು ಹೋಲ್ಡ್ ಇದೆಯಾ ಅಂತ ನೋಡಿ. ಬುಕಿಂಗ್ ವೇಳೆ ತೆಗೆದ ಬೆರಳಚ್ಚು ವಲಸೆ ಇಲಾಖೆಗೂ ಹೋಗುತ್ತದೆ. ಅವರ ಹೋಲ್ಡ್ ಇದ್ದಾಗ ಬೇಲ್ ಕಟ್ಟಿದರೆ ಹೊರಗೆ ಬರುವ ಬದಲು ಅವರ ವಶಕ್ಕೆ ಹೋಗಬಹುದು. ಹಾಗೆ ಹೋದವರನ್ನು ವಲಸೆ ಇಲಾಖೆಯ ಬೇರೆ ಪಟ್ಟಿಯಲ್ಲಿ, ಹುಟ್ಟಿದ ದೇಶ ಹಾಕಿ ಹುಡುಕಬೇಕು. ಈ ವಿಷಯದಲ್ಲಿ ವಕೀಲರನ್ನು ಕೇಳದೆ ಒಂದು ಡಾಲರೂ ಕಟ್ಟಬೇಡಿ.

ಹೋಲ್ಡ್ ಇಲ್ಲದಿದ್ದರೆ ದಾರಿ ಎರಡು. ಪೂರ್ತಿ ಮೊತ್ತ ಕಟ್ಟಿದರೆ, ಎಲ್ಲ ಹಾಜರಿಗೂ ಹೋಗಿದ್ದರೆ, ಕೇಸು ಮುಗಿದ ಮೇಲೆ ವಾಪಸ್ ಬರುತ್ತದೆ. ಶುಲ್ಕ ತಗೊಂಡು ಪೂರ್ತಿ ಮೊತ್ತಕ್ಕೆ ಹೊಣೆ ನಿಲ್ಲುವ ಬೇಲ್ ಏಜೆಂಟರ ಮೂಲಕ ಹೋದರೆ ಸಾಮಾನ್ಯವಾಗಿ ಹತ್ತು ಪರ್ಸೆಂಟ್. 20,000 ಡಾಲರ್ ಬೇಲ್ ಇದ್ದರೆ 2,000. ಆ ದುಡ್ಡು ಮತ್ತೆ ಬರುವುದಿಲ್ಲ. ಬಹಳ ಸಲ ಜಡ್ಜ್ ಬೇಲ್ ಇಲ್ಲದೆಯೇ ಬಿಡುತ್ತಾರೆ, ಹಾಗಾಗಿ ನಾಳೆಯೇ ಅರೇನ್‌ಮೆಂಟ್ ಇದ್ದರೆ ಒಂದು ರಾತ್ರಿ ಕಾಯುವುದು ಲಾಭವೋ ಅಂತ ವಕೀಲರನ್ನು ಕೇಳಿ. ಇಲಿನಾಯ್‌ನಲ್ಲಿ 2023ರ ಸೆಪ್ಟೆಂಬರಿನಿಂದ ದುಡ್ಡಿನ ಬೇಲೇ ಇಲ್ಲ. ಆ ರಾಜ್ಯದ ಶಿಕಾಗೋದಲ್ಲಿ ಕೌಂಟಿ ಜೈಲಿನ ಕೇಸಿಗೆ ಯಾರಾದರೂ ಬೇಲ್ ದುಡ್ಡು ಕೇಳಿದರೆ ಅದು ಮೋಸ.

ಮೋಸದ ಗುರುತುಗಳು ಬೇರೆ ಕಡೆಯೂ ಹೀಗೇ: ತುಂಬ ಅವಸರ, ಯಾರಿಗೂ ಹೇಳಬೇಡಿ ಅನ್ನುವುದು, ಗಿಫ್ಟ್ ಕಾರ್ಡ್ ಅಥವಾ ಯುಪಿಐ ಮೂಲಕ ದುಡ್ಡು, ವಾಟ್ಸಾಪ್ ವಿಡಿಯೋದಲ್ಲಿ ಪೊಲೀಸ್ ಬಟ್ಟೆ. ಮಗನ ದನಿಯೇ ಕೇಳಿದರೂ ನಂಬಬೇಡಿ, ದನಿಯನ್ನು ಈಗ ಕಂಪ್ಯೂಟರಿನಲ್ಲೇ ಮಾಡುತ್ತಾರೆ. ಫೋನ್ ಇಟ್ಟು, ಹಂತ 2ರ ಪ್ರಕಾರ ಜೈಲಿನ ನಂಬರಿಗೆ ನೀವೇ ಫೋನ್ ಮಾಡಿ.

ಹಂತ 8: ಹೊರಗೆ ಬರುವ ರಾತ್ರಿ

ಬೇಲ್ ಕಟ್ಟಿದ ಮೇಲೂ ಹಲವು ಗಂಟೆ ಹಿಡಿಯುತ್ತದೆ. ನಡುರಾತ್ರಿ ಎರಡಕ್ಕೋ ಮೂರಕ್ಕೋ ಬಿಟ್ಟರೆ ಆಶ್ಚರ್ಯವಿಲ್ಲ. ನಾನೊಮ್ಮೆ ಹೀಗೆ ಒಬ್ಬನನ್ನು ಕರೆತರಲು ಹೋಗಿದ್ದೆ. ಹಿಡಿದ ದಿನದ ಟೀ ಶರ್ಟಿನಲ್ಲೇ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ಫುಟ್‌ಪಾತಿನ ಮೇಲೆ ನಿಂತಿದ್ದ. ಫೋನ್ ಚಾರ್ಜ್ ಇರಲಿಲ್ಲ. ಜಾಕೆಟ್, ಚಾರ್ಜರ್, ತಿನ್ನಲು ಏನಾದರೂ ತಗೊಂಡು ಹೋಗಿ. ಚೀಲದಲ್ಲಿ ಕೋರ್ಟ್ ತಾರೀಖಿನ ಚೀಟಿ ಇದೆಯಾ ಅಂತ ಅಲ್ಲೇ ನೋಡಿ, ಅದರ ಫೋಟೋ ತೆಗೆದುಕೊಳ್ಳಿ. ಸಂಪರ್ಕ ನಿಷೇಧ ಇದ್ದರೆ ಅವನನ್ನು ಅವನ ಮನೆಗೆ ಬಿಡಬೇಡಿ, ನಿಮ್ಮ ಮನೆಗೇ ಕರೆತನ್ನಿ.

ಬೆಳಗ್ಗೆ ಮೊದಲ ಕೆಲಸ ಕಾರು. ಪೊಲೀಸರು ಟೋ ಮಾಡಿಸಿದ್ದರೆ ದಿನದ ಬಾಡಿಗೆ ಏರುತ್ತಲೇ ಇರುತ್ತದೆ. ಎರಡನೆಯದು ಆಫೀಸಿಗೆ ಏನು ಬರೆಯಬೇಕು ಅಂತ ವಕೀಲರನ್ನು ಕೇಳುವುದು. ಮೂರನೆಯದು ಪಾಸ್‌ಪೋರ್ಟ್. ಕುಡಿದು ಓಡಿಸಿದ ಕೇಸಿನಲ್ಲಿ ಶಿಕ್ಷೆಯಾಗುವ ಮೊದಲೇ, ಬರೀ ಬಂಧನದ ಮೇಲೆಯೇ ವೀಸಾ ರದ್ದು ಮಾಡುವುದನ್ನು ಅಮೆರಿಕದ ವಿದೇಶಾಂಗ ಇಲಾಖೆ 2015ರಿಂದ ನಡೆಸುತ್ತಿದೆ. ಬರೀ ಅಷ್ಟಕ್ಕೇ ದೇಶ ಬಿಡಬೇಕಾಗದಿರಬಹುದು, ಆದರೆ ಹೊರಗೆ ಹೋದವರು ಹೊಸ ವೀಸಾ ಇಲ್ಲದೆ ಒಳಗೆ ಬರಲಾರರು. ಹಾಗಾಗಿ "ಒಂದ್ಸಲ ಊರಿಗೆ ಬಂದು ಹೋಗೋ" ಅಂತ ಅಮ್ಮ ಎಷ್ಟೇ ಕರೆದರೂ ವಲಸೆ ವಕೀಲರನ್ನು ಕೇಳುವ ತನಕ ಟಿಕೆಟ್ ತೆಗೆಸಬೇಡಿ.